ಖಾಲಿ ಅಂಗಡಿಗೆ ಮಾತ್ರ ಪರಿಹಾರ

ನನ್ನ ಮೈದುನ ಬಹುಮಾನಗಳ ವ್ಯಾಪಾರಿ. ಟ್ರೋಫಿ, ಪದಕ, ಫಲಕ, ಎರಡು ಕಿವಿಯ ಬೆಳ್ಳಿ ಬಣ್ಣದ ಕಪ್, ಹೀಗೆ ಊರಿನಲ್ಲಿ ಯಾರು ಏನು ಗೆದ್ದರೂ ಅದು ಅವನ ಅಂಗಡಿಯಿಂದಲೇ ಹೋಗಬೇಕು. ಇದರಿಂದಾಗಿ ಗೆದ್ದವರನ್ನೆಲ್ಲ ತಾನೇ ಗೆಲ್ಲಿಸಿದ್ದೇನೆ ಎಂಬ ಸಣ್ಣದೊಂದು ಭ್ರಮೆ ಅವನಿಗೆ ಅಂಟಿಕೊಂಡಿತ್ತು. ಪಂದ್ಯ ಮುಗಿಯುವವರೆಗೆ ಕಪ್‌ನ ಮೇಲೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ತಾನೂ ಮೈದಾನಕ್ಕೆ ಹೋಗಿ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದ. ಫಲಿತಾಂಶ ಬಂದದ್ದೇ ತಡ, ಕಪ್ ಅನ್ನು ತೊಡೆಯ ಮೇಲಿಟ್ಟುಕೊಂಡು, ಕೆತ್ತುವ ಪುಟ್ಟ ಯಂತ್ರವನ್ನು ಗುರ್ರೆನಿಸಿ ಹೆಸರು ಕೊರೆದುಬಿಡುತ್ತಿದ್ದ. ಮುಖ್ಯ ಅತಿಥಿಗಳ ಭಾಷಣ ಎಷ್ಟು ಉದ್ದವಾದರೂ ಅವನಿಗೆ ಬೇಸರವಿಲ್ಲ. ಉದ್ದವಾದಷ್ಟೂ ಅಕ್ಷರಗಳು ದುಂಡಗೆ ಬರುತ್ತವೆ ಎನ್ನುತ್ತಿದ್ದ.

ಸಾಂಕ್ರಾಮಿಕ ರೋಗ ಬಂತು. ಆಟ ನಿಂತಿತು, ಓಟ ನಿಂತಿತು, ಚರ್ಚಾಸ್ಪರ್ಧೆ ನಿಂತಿತು. ಮುಂಗಡ ಕೊಟ್ಟು ಮಾಡಿಸಿದ್ದ ಕಪ್‌ಗಳನ್ನು ಒಯ್ಯಲು ಯಾರೂ ಬರಲಿಲ್ಲ. "ನೂರು ಮೀಟರ್ ಓಟ, ಬಾಲಕಿಯರ ವಿಭಾಗ, ಪ್ರಥಮ" ಎಂದು ಕೆತ್ತಿ, ಕೆಳಗೆ ಹೆಸರಿಗೆ ಜಾಗ ಬಿಟ್ಟಿದ್ದ ಕಪ್‌ಗಳು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತುಬಿಟ್ಟವು. ಮೈದುನ ಪ್ರತಿದಿನ ಅವುಗಳನ್ನು ಒರೆಸುತ್ತಿದ್ದ. ಒರೆಸಿ ಒರೆಸಿ ಅವು ಎಷ್ಟು ಹೊಳೆಯುತ್ತಿದ್ದವೆಂದರೆ, ಅಂಗಡಿಗೆ ಕಾಲಿಟ್ಟರೆ ಅವನ ಸಪ್ಪೆ ಮುಖ ನಲವತ್ತು ಕಡೆ ಕಾಣುತ್ತಿತ್ತು.

ಅದೇ ಅಂಗಡಿಯ ಹಿಂಭಾಗದಲ್ಲಿ, ಒಂದು ಪರದೆಯ ಆಚೆ, ನಮ್ಮ ಊರುಗೋಲು ಸಂಘ. ಕಾಲು ಮುರಿದವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಪುಕ್ಕಟೆಯಾಗಿ ಎರವಲು ಕೊಡುವ ಧರ್ಮಕಾರ್ಯ. ನನ್ನ ಯಜಮಾನರು ಶುರು ಮಾಡಿದ್ದು. ಅವರು ಹೋದ ಮೇಲೆ ನಾನು ನೋಡಿಕೊಳ್ಳುತ್ತಿದ್ದೆ. ವಿಚಿತ್ರವೆಂದರೆ ರೋಗದ ಕಾಲದಲ್ಲಿ ನಮಗೆ ಕೆಲಸ ಹೆಚ್ಚಾಯಿತು. ಮನೆಯಲ್ಲೇ ಕೂತ ಜನ ಸುಮ್ಮನೆ ಕೂರುತ್ತಾರೆಯೇ? ಫ್ಯಾನ್ ಒರೆಸಲು ಸ್ಟೂಲ್ ಹತ್ತಿದರು, ಬಿದ್ದರು. ಬಚ್ಚಲುಮನೆ ತಿಕ್ಕಲು ಹೋದರು, ಜಾರಿದರು. ಮುಂಭಾಗದಲ್ಲಿ ಗೆದ್ದವರು ಒಬ್ಬರೂ ಇಲ್ಲ. ಹಿಂಭಾಗದಲ್ಲಿ ಬಿದ್ದವರು ಬೇಕಾದಷ್ಟು.

ಇಡೀ ಜಾಗದ ಬಾಡಿಗೆ ಕರಾರು ಮೈದುನನ ಹೆಸರಿನಲ್ಲಿತ್ತು. ನಾಲ್ಕು ತಿಂಗಳಿಂದ ಅವನು ಬಾಡಿಗೆ ಕೊಟ್ಟಿರಲಿಲ್ಲ. ಮಾಳಿಗೆಯ ಮೇಲೆ ವಾಸವಾಗಿದ್ದ ಮಾಲೀಕರು ಒಳ್ಳೆಯವರು, ಬಾಯಿಬಿಟ್ಟು ಕೇಳುವವರಲ್ಲ. ಅಂಗಡಿಯ ಮುಂದೆ ಬಂದು ನಿಂತು, "ಬಿಸಿಲು ಜಾಸ್ತಿ ಆಯ್ತು, ಅಲ್ವಾ?" ಎನ್ನುತ್ತಿದ್ದರು. ಮೋಡ ಕವಿದ ದಿನವೂ ಹಾಗೇ ಎಂದಾಗ ನಮಗೆ ವಿಷಯ ಅರ್ಥವಾಯಿತು.

ಅಷ್ಟರಲ್ಲಿ ಸರ್ಕಾರ ಒಂದು ಬಾಡಿಗೆ ಪರಿಹಾರ ಪ್ರಕಟಿಸಿತು. ವ್ಯಾಪಾರಿಗಳಿಗೂ ಧರ್ಮಸಂಸ್ಥೆಗಳಿಗೂ ಬಾಕಿ ಬಾಡಿಗೆಯ ಜೊತೆಗೆ ಮುಂದಿನ ಆರು ತಿಂಗಳ ಬಾಡಿಗೆಯನ್ನೂ ಸರ್ಕಾರವೇ ಕಟ್ಟುತ್ತದೆಯಂತೆ. ನಿಯಮಗಳನ್ನು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಗಟ್ಟಿಯಾಗಿ ಓದಿದಳು. ಅವಳು ಲೆಕ್ಕಪತ್ರ ಬಲ್ಲವಳು.

"ಕೇಳಿ ಅಕ್ಕ. ವ್ಯಾಪಾರ ಆದ್ರೆ ಹೋದ ವರ್ಷದ ಕಾಲುಭಾಗಕ್ಕಿಂತ ಕಡಿಮೆ ಆಗಿರ್ಬೇಕು. ಧರ್ಮಸಂಸ್ಥೆ ಆದ್ರೆ ಕೆಲಸ ನಡೀತಾ ಇರ್ಬೇಕು. ಅಂದ್ರೆ ಪರದೆ ಈಚೆ ಯಾರೂ ಬರಬಾರದು, ಪರದೆ ಆಚೆ ಜನ ಬರ್ತಾ ಇರಬೇಕು."

"ಬಾಗಿಲು ಒಂದೇ ಅಲ್ವೇನೇ?" ಎಂದೆ.

"ಅದನ್ನ ಸರ್ಕಾರ ಕೇಳಿಲ್ಲ ಅಕ್ಕ."

ಮೈದುನನಿಗೆ ಅರ್ಜಿ ಹಾಕುವುದೆಂದರೆ ಪ್ರಾಣಸಂಕಟ. "ಅತ್ತಿಗೆ, ನೀವೇ ಹೇಳಿ. ಊರಿಗೆಲ್ಲ ಪ್ರಥಮ ಸ್ಥಾನ ಹಂಚಿದವನು ನಾನು. ಈಗ ಹೋಗಿ, ಸ್ವಾಮಿ ನನ್ನ ಹತ್ರ ಬಾಡಿಗೆಗೂ ಗತಿ ಇಲ್ಲ ಅಂತ ಬರೀಲಾ?"

"ಬರೀರಿ," ಎಂದಳು ಓರಗಿತ್ತಿ. "ದುಂಡಗೆ ಬರೀರಿ."

ಬರೆದ. ನಷ್ಟಕ್ಕೆ ಕಾರಣ ಎಂದು ಕೇಳಿದ್ದಲ್ಲಿ, "ವಿಜೇತರೆಲ್ಲ ಮನೆಯಲ್ಲಿದ್ದಾರೆ" ಎಂದು ಬರೆದು ಕಳುಹಿಸಿದ.

ಎರಡು ವಾರ ಕಳೆದ ಮೇಲೆ ಕಚೇರಿಯಿಂದ ಫೋನ್ ಬಂತು. ಬರುವ ಹೊತ್ತಿಗೆ ಬರದೆ, ಮೈದುನ ಎದುರಿನ ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತಿದ್ದಾಗ ಬಂತು. ನನಗೆ ಈ ಸಂಗತಿ ತಿಳಿದದ್ದು ಬೇಕರಿಯವನಿಂದ. ಅವನು ದಪ್ಪಗಿನ, ಮೆತ್ತಗಿನ ಮನಸ್ಸಿನ ಮನುಷ್ಯ. ಉಳಿದ ಬನ್ನುಗಳನ್ನು ಸಂಜೆ ಕಾಗದದಲ್ಲಿ ಸುತ್ತಿ, "ಸುಟ್ಟುಹೋಗಿವೆ ಅಮ್ಮ, ಮಾರೋಕಾಗಲ್ಲ" ಎಂದು ಸುಳ್ಳು ಹೇಳಿ ನಮ್ಮ ಮನೆಗೆ ಕೊಡುತ್ತಿದ್ದ. ಒಂದು ಬನ್ನೂ ಸುಟ್ಟಿರುತ್ತಿರಲಿಲ್ಲ.

ಮೈದುನ ಫೋನಿನಲ್ಲಿ ಕೂಗಿದನಂತೆ: "ಹಾಂ ಸಾರ್! ನಮ್ಮ ಅಂಗಡಿ ಆಯ್ಕೆ ಆಗಿದೆಯಾ ಸಾರ್? ಗುರುವಾರ ಖುದ್ದು ಬರ್ತೀರಾ? ಖಂಡಿತ ಬನ್ನಿ ಸಾರ್!"

ತಪಾಸಣೆಗೆ ಆಯ್ಕೆಯಾದದ್ದು. ಆದರೆ ಬೇಕರಿಯವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಯಾರ್ ಸಾರ್ ಅದು?"

"ಸರ್ಕಾರದವರು," ಎಂದ ಮೈದುನ.

"ಯಾತಕ್ಕೆ ಬರ್ತಾರೆ?"

ಇಲ್ಲಿ ನಿಜ ಹೇಳಿದ್ದರೆ ಕಥೆ ಮುಗಿದುಹೋಗುತ್ತಿತ್ತು, ಅಂಗಡಿ ಉಳಿದುಕೊಳ್ಳುತ್ತಿತ್ತು. ಆದರೆ ಸಾಲಿನಲ್ಲಿ ಹಿಂದೆ ನಿವೃತ್ತ ಡ್ರಿಲ್ ಮೇಷ್ಟ್ರು ನಿಂತಿದ್ದರು. ಮೂವತ್ತು ವರ್ಷ ಮೈದುನನಿಂದ ಕಪ್ ಕೊಂಡವರು. ಅವರ ಮುಂದೆ "ಬಾಡಿಗೆಗೆ ಕೈಚಾಚಿದ್ದೀನಿ" ಎನ್ನಲು ಅವನ ನಾಲಗೆ ಹೊರಳಲಿಲ್ಲ.

"ಗುರುತಿಸ್ತಾ ಇದ್ದಾರೆ," ಎಂದನಂತೆ, ಮಾಸ್ಕಿನ ಒಳಗಿಂದ.

"ಪ್ರಶಸ್ತಿನಾ?" ಎಂದು ಮೇಷ್ಟ್ರು ಗುಡುಗಿದರು.

ಮೈದುನ ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ಕೆಮ್ಮಿದ. ಆ ಕಾಲದಲ್ಲಿ ಕೆಮ್ಮಿದವನ ಹತ್ತಿರ ನಿಂತು ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಎಲ್ಲರೂ ದೂರ ಸರಿದರು, ಆದರೆ ಸುದ್ದಿಯನ್ನು ಹೊತ್ತುಕೊಂಡು ಸರಿದರು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಓರಗಿತ್ತಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಈಗಲೇ ಹೋಗಿ ನಿಜ ಹೇಳಿ ಬನ್ನಿ."

"ಗುರುವಾರ ಒಂದು ದಿನ ಕಳೀಲಿ ಕಣೆ. ಅಧಿಕಾರಿ ಬರ್ತಾರೆ, ಖಾಲಿ ಅಂಗಡಿ ನೋಡ್ತಾರೆ, ಬರ್ಕೋತಾರೆ, ಹೋಗ್ತಾರೆ. ಆಮೇಲೆ ಪ್ರಶಸ್ತಿ ಬೇರೆ ಯಾರಿಗೋ ಹೋಯ್ತು ಅಂದ್ರಾಯ್ತು. ನಮ್ಮ ಅಂಗಡಿ ಎಷ್ಟು ಖಾಲಿ ಇದೆ ಅಂದ್ರೆ, ಅದಕ್ಕಿಂತ ಖಾಲಿ ಅಂಗಡಿ ಅವರಿಗೆ ಸಿಗೋದೇ ಇಲ್ಲ."

ಆ ವಿಷಯದಲ್ಲಿ ಅವನಿಗಿದ್ದ ಆತ್ಮವಿಶ್ವಾಸ ನೋಡಿ ನನಗೂ ಧೈರ್ಯ ಬಂತು.

ಗುರುವಾರ ಬೆಳಿಗ್ಗೆ ನಾವು ಮೂವರೂ ಹೋಗಿ ಬಾಗಿಲು ತೆಗೆಯಬೇಕೆಂದರೆ, ಅಂಗಡಿಯಿಂದ ಬೀದಿಯ ತಿರುವಿನವರೆಗೆ ಜನ. ನೆಲದ ಮೇಲೆ ಸೀಮೆಸುಣ್ಣದ ವೃತ್ತಗಳು, ವೃತ್ತಕ್ಕೊಬ್ಬರು. ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡು ಓಡಾಡುತ್ತಿದ್ದರು. ಸೀಟಿ ಊದಲು ಮಾಸ್ಕ್ ತೆಗೆಯಬೇಕಾದ್ದರಿಂದ "ಪೀ!" ಎಂದು ಬಾಯಿಂದಲೇ ಕೂಗುತ್ತಿದ್ದರು.

ಮೈದುನ ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಏನ್ ಮೇಷ್ಟ್ರೇ ಇದು?"

"ಗಿರಾಕಿಗಳು!" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಪ್ರಶಸ್ತಿ ಕೊಡೋರು ಬಂದಾಗ ಅಂಗಡಿ ಭಣಭಣ ಅಂತಿದ್ರೆ ನಮ್ಮ ಬೀದಿಗೇ ಅವಮಾನ. ಎಲ್ಲ ನಾನು ನೋಡ್ಕೋತೀನಿ. ಒಬ್ಬೊಬ್ಬರಾಗಿ ಒಳಗೆ ಹೋಗ್ತಾರೆ, ಗಟ್ಟಿಯಾಗಿ ಆರ್ಡರ್ ಕೊಡ್ತಾರೆ, ಹೊರಗೆ ಬಂದು ಮತ್ತೆ ಸಾಲಿನ ಕೊನೆಗೆ ನಿಲ್ತಾರೆ. ಸಾಲು ಮುಗಿಯೋದೇ ಇಲ್ಲ!"

"ಇವತ್ತು ವ್ಯಾಪಾರ ಇಲ್ಲ, ದಯವಿಟ್ಟು ಎಲ್ರೂ ಮನೆಗೆ ಹೋಗಿ," ಎಂದು ಮೈದುನ ಕೈಮುಗಿದ.

ಬೇಕರಿಯವನು ಕಣ್ಣು ಮಿಟುಕಿಸಿದ. "ಗೊತ್ತಾಯ್ತು ಸಾರ್, ಗೊತ್ತಾಯ್ತು. ಆರ್ಡರ್ ತುಂಬಿಹೋಗಿದೆ ಅನ್ನೋ ಹಾಗೆ ತೋರಿಸ್ಬೇಕು. ಭೇಷ್!" ಆಮೇಲೆ ಹಿಂದೆ ತಿರುಗಿ ಕೂಗಿದ, "ಎಲ್ರೂ ಕೇಳ್ರಪ್ಪಾ, ಅವರು ಇಲ್ಲ ಅಂತಾನೇ ಹೇಳ್ತಾರೆ, ನಾವು ಬೇಕೇ ಬೇಕು ಅನ್ಬೇಕು!"

"ಬೇಕೇ ಬೇಕು!" ಎಂದು ಬೀದಿಯೇ ಕೂಗಿತು.

ಓರಗಿತ್ತಿ ನಿಜ ಹೇಳಿಬಿಡಲು ಬಾಯಿ ತೆರೆದಳು. ಮೈದುನ ಅವಳ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಅವಳು ಬಾಯಿ ಮುಚ್ಚಿ ಒಳಗೆ ಹೋಗಿ, ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದಳು. ನಾನು ಪರದೆಯ ಆಚೆ ನನ್ನ ಊರುಗೋಲುಗಳ ನಡುವೆ ಕೂತು, ಪರದೆಯ ಸಂದಿನಿಂದ ನೋಡುತ್ತಿದ್ದೆ.

ವ್ಯಾಪಾರ ಶುರುವಾಯಿತು. ಅಂಥ ವ್ಯಾಪಾರವನ್ನು ಆ ಅಂಗಡಿ ಒಳ್ಳೆಯ ಕಾಲದಲ್ಲೂ ಕಂಡಿರಲಿಲ್ಲ. ಕನ್ನಡಕದ ಅಂಗಡಿಯವರು ಅತ್ತೆಗೆಂದು ಸಹನೆಯ ಟ್ರೋಫಿ ಕೇಳಿದರು. ಒಬ್ಬ ಹೆಂಗಸು ಗಂಡ ಮನೆಯಲ್ಲಿ ಮೊದಲ ಸಲ ಪಾತ್ರೆ ತೊಳೆದದ್ದಕ್ಕೆ ಪದಕ ಕೇಳಿದಳು. ಆಮೇಲೆ ಯೋಚಿಸಿ, ಎರಡನೆಯ ಸ್ಥಾನದ್ದು ಸಾಕು ಎಂದಳು. ಬೇಕರಿಯವನು ನಾಲ್ಕು ಸಲ ಬಂದ, ನಾಲ್ಕು ಸಲವೂ ಬೇರೆ ಬೇರೆ ದನಿಯಲ್ಲಿ.

ಅಧಿಕಾರಿ ಎಷ್ಟು ಹೊತ್ತಿಗೆ ಬಂದರೋ ನಮಗೆ ತಿಳಿಯಲೇ ಇಲ್ಲ, ಯಾಕೆಂದರೆ ಅವರು ಸಾಲಿನಲ್ಲಿ ನಿಂತಿದ್ದರು. ತೆಳ್ಳಗಿನ, ನಡುವಯಸ್ಸಿನ ಮನುಷ್ಯ. ಬಗಲಲ್ಲಿ ಫೈಲು, ಮುಖದ ಮುಂದಿನ ಪ್ಲಾಸ್ಟಿಕ್ ಗುರಾಣಿಯ ತುಂಬ ಉಸಿರಿನ ಮಂಜು. ನೇರವಾಗಿ ಬಾಗಿಲಿಗೆ ಬಂದವರನ್ನು ಮೇಷ್ಟ್ರು ತಡೆದಿದ್ದರಂತೆ.

"ಸಾಲಲ್ಲಿ ಬನ್ನಿ!"

"ನಾನು ಇನ್‌ಸ್ಪೆಕ್ಷನ್‌ಗೆ..."

"ಯಾತಕ್ಕಾದ್ರೂ ಬನ್ನಿ ಸ್ವಾಮಿ, ಸಾಲು ಸಾಲೇ. ಆ ವೃತ್ತದಲ್ಲಿ ನಿಂತ್ಕೊಳಿ. ಬೆನ್ನು ನೇರ!"

ಪಾಪ, ಅವರು ಬೆನ್ನು ನೇರ ಮಾಡಿ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತರು. ಹಿಂದೆ ನಿಂತವರು, "ಈ ಅಂಗಡೀಲಿ ಯಾವಾಗ್ಲೂ ಹೀಗೇ ರೀ, ರೋಗ ಬಂದ್ಮೇಲಂತೂ ಕಾಲಿಡೋಕೆ ಜಾಗ ಇಲ್ಲ" ಎಂದು ಅವರಿಗೆ ಕೇಳುವಂತೆ ಹೇಳುತ್ತಿದ್ದರು. ಒಳಗೆ ಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಬಾಡಿಗೆ ಪರಿಹಾರದ ವಿಭಾಗದಿಂದ ಬಂದಿದ್ದೀನಿ," ಎಂದು ಅವರು ಮೆಲ್ಲಗೆ ಹೇಳಿದರು. ಕೇಳಿಸಿದ್ದು ನಮ್ಮ ಮೂವರಿಗೆ ಮಾತ್ರ. "ವ್ಯಾಪಾರ ಇಲ್ಲ ಅಂತ ಅರ್ಜಿ ಹಾಕಿದ್ದೀರಿ?"

ಮೈದುನ ಅಧಿಕಾರಿಯನ್ನು ನೋಡಿದ, ಸಾಲನ್ನು ನೋಡಿದ. ಅವನಿಗೆ ಬುದ್ಧಿ ಬರುವುದು ಅಪರೂಪ. ಬಂದರೆ ತಪ್ಪು ಹೊತ್ತಿನಲ್ಲೇ ಬರುತ್ತದೆ.

"ಇವರೆಲ್ಲ ಗಿರಾಕಿಗಳಲ್ಲ ಸಾರ್. ಪರದೆ ಆಚೆ ನಮ್ಮ ಅತ್ತಿಗೆಯವರ ಧರ್ಮಸಂಸ್ಥೆ ಇದೆ. ಊರುಗೋಲು ಕೊಡ್ತಾರೆ. ಇವರೆಲ್ಲ ಕಾಲು ಮುರಿದವರು!"

ಎಂದವನೇ ಬಾಗಿಲಲ್ಲಿದ್ದ ಬೇಕರಿಯವನ ಕಿವಿಯಲ್ಲಿ, "ಕುಂಟೋ ಮಾರಾಯ, ಕುಂಟು!" ಎಂದ.

ಬೇಕರಿಯವನು ಯಾಕೆ, ಏನು ಎಂದು ಕೇಳುವವನಲ್ಲ. ಸ್ನೇಹಿತ ಕುಂಟು ಎಂದರೆ ಕುಂಟಬೇಕು. ಎಡಗಾಲು ಎಳೆಯುತ್ತ ಬಂದ. ಅವನನ್ನು ನೋಡಿ ಕನ್ನಡಕದ ಅಂಗಡಿಯವರು ಬಲಗಾಲು ಎಳೆದರು. ಪದಕದ ಹೆಂಗಸು ಎರಡೂ ಕಾಲು ಎಳೆಯಲು ಹೋಗಿ ನಿಜವಾಗಿ ಎಡವಿದಳು. ಹೊಸ್ತಿಲಿನಿಂದ ತಿರುವಿನವರೆಗೆ ಆ ಮಾತು ಹಬ್ಬಿ, ಒಂದು ಬೀದಿಗೆ ಬೀದಿಯೇ ಸೀಮೆಸುಣ್ಣದ ವೃತ್ತಗಳಲ್ಲಿ ಕುಂಟತೊಡಗಿತು. ಆದರೆ ಕೊಂಡವರಂತೆ ಕಾಣಲೆಂದು ಎತ್ತಿಕೊಂಡಿದ್ದ ಟ್ರೋಫಿ ಎಲ್ಲರ ಕೈಯಲ್ಲೂ ಒಂದೊಂದು ಇತ್ತು. ಬೇಕರಿಯವನ ಕೈಯಲ್ಲಿದ್ದದ್ದು ನೂರು ಮೀಟರ್ ಓಟದ ಕಪ್, ಪ್ರಥಮ ಸ್ಥಾನ.

ಮೇಷ್ಟ್ರು ಮಾತ್ರ ಕುಂಟಲೊಲ್ಲೆ ಎಂದರು. "ಎಪ್ಪತ್ತೆರಡು ವರ್ಷ! ಇವತ್ತಿಗೂ ಒಂದು ಕಾಲು ನೋವಿಲ್ಲ ನನಗೆ. ಪ್ರಶಸ್ತಿಗೋಸ್ಕರ ಸುಳ್ಳು ಕುಂಟೋ ಜಾತಿ ನಂದಲ್ಲ!" ಎಂದು ಎಡ-ಬಲ, ಎಡ-ಬಲ ಎನ್ನುತ್ತ ಅಧಿಕಾರಿಯ ಮುಂದೆ ಬಂದು ನಿಂತರು. "ಸಮಾರಂಭ ಯಾವತ್ತು ಸಾರ್?"

"ಯಾವ ಸಮಾರಂಭ?"

"ಪ್ರಶಸ್ತಿ ಪ್ರದಾನ!"

ಅಧಿಕಾರಿ ಗುರಾಣಿ ಎತ್ತಿ, ಕನ್ನಡಕ ಒರೆಸಿಕೊಂಡು, ಫೈಲು ತೆರೆದು ಇನ್ನೊಮ್ಮೆ ನೋಡಿದರು. "ಪ್ರಶಸ್ತಿ ಅಲ್ಲ ರೀ. ಇವರು ವ್ಯಾಪಾರ ಬಿದ್ದುಹೋಗಿದೆ, ಬಾಡಿಗೆ ಕಟ್ಟೋಕಾಗ್ತಿಲ್ಲ, ಸಹಾಯ ಮಾಡಿ ಅಂತ ಕೇಳಿದ್ದಾರೆ."

ಕುಂಟುತ್ತಿದ್ದವರೆಲ್ಲ ಕುಂಟುತ್ತಿದ್ದಲ್ಲಿಯೇ ನಿಂತರು. ಯಾರದೋ ಕೈಯಿಂದ ಒಂದು ಪದಕ ಟಣ್ ಎಂದು ನೆಲಕ್ಕೆ ಬಿತ್ತು. ಮೈದುನ ಮೇಜಿನ ಹಿಂದೆ ಬಗ್ಗಿ, ಏನನ್ನೋ ಹುಡುಕುವವನಂತೆ ಕೂತುಬಿಟ್ಟ. ಅಲ್ಲಿ ಹುಡುಕಲು ಏನೂ ಇರಲಿಲ್ಲ.

ಓರಗಿತ್ತಿ ಅಧಿಕಾರಿಗೆ ಎಲ್ಲವನ್ನೂ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. "ನಾನು ನಂಬ್ತೀನಮ್ಮ. ಆದ್ರೆ ನಾನು ನಂಬಿದ್ದನ್ನ ಬರೆಯೋಕೆ ಈ ಹಾಳೇಲಿ ಜಾಗ ಇಲ್ಲ. ಕಂಡದ್ದನ್ನ ಬರೀಬೇಕು. ನಾನೇ ಮುಕ್ಕಾಲು ಗಂಟೆ ಸಾಲಲ್ಲಿ ನಿಂತಿದ್ದೀನಿ." ಆಮೇಲೆ ಸೇರಿಸಿದರು, "ಮರುಪರಿಶೀಲನೆಗೆ ಒಂದು ಅವಕಾಶ ಇದೆ. ಮುಂದಿನ ಒಂದು ತಿಂಗಳ ವ್ಯಾಪಾರ ನೋಡ್ತಾರೆ. ಅಷ್ಟು ದಿನ ಏನೂ ಮಾರಬೇಡಿ."

ಹೋಗುವಾಗ ಅವರು ಬಗ್ಗಿ ನೆಲದ ಮೇಲಿದ್ದ ಪದಕವನ್ನು ಎತ್ತಿ, ಊದಿ, ಗೋಡೆಯ ಮೇಲೆ ಅದರ ಜಾಗ ಯಾವುದೆಂದು ಹುಡುಕಿ ಅಲ್ಲೇ ತೂಗುಹಾಕಿ ಹೋದರು.

ಏನೂ ಮಾರಬಾರದು! ಅದಕ್ಕಿಂತ ಸುಲಭದ ಕೆಲಸ ಮೈದುನನಿಗೆ ಯಾರು ಕೊಡಲು ಸಾಧ್ಯ? ಅವನು ತಿಂಗಳುಗಟ್ಟಲೆ ಅದರಲ್ಲೇ ಪಳಗಿದ್ದವನು.

ಆದರೆ ಬೀದಿಯ ಜನರಿಗೆ ಆ ರಾತ್ರಿ ನಿದ್ದೆ ಹತ್ತಿರಲಿಲ್ಲ ಎಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ಬೇಕರಿಯವನು ಮೊದಲು ಬಂದ. ಕಣ್ಣು ಕೆಂಪಗಿತ್ತು.

"ಅಮ್ಮ, ನಾನು ಕುಂಟಿದ್ದೇ ತಪ್ಪಾಯ್ತು. ಇಷ್ಟು ಕಷ್ಟ ಇದೆ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದವನೇ ಮೈದುನನ ಮುಂದೆ ಹಣ ಇಟ್ಟ. "ಆ ಕಪ್ ನಂದು. ನಿಜವಾಗ್ಲೂ ತಗೋತೀನಿ. ಹೆಸರು ಕೆತ್ತಿ."

"ಬೇಡ ಕಣಯ್ಯಾ, ಮಾರಬಾರದು!"

"ನಿಮ್ಮ ಸ್ವಾಭಿಮಾನ ನನಗೆ ಗೊತ್ತಿಲ್ವಾ ಸಾರ್?"

"ಸ್ವಾಭಿಮಾನ ಅಲ್ಲಪ್ಪಾ, ನಿಯಮ!" ಎಂದಳು ಓರಗಿತ್ತಿ.

"ಅದನ್ನೇ ಅಕ್ಕ ನಾನು ಹೇಳಿದ್ದು," ಎಂದು ಕಣ್ಣೊರೆಸಿಕೊಂಡ.

ಅವನ ಹಿಂದೆ ಕನ್ನಡಕದ ಅಂಗಡಿಯವರು, ಅವರ ಹಿಂದೆ ಪದಕದ ಹೆಂಗಸು. ಮೇಷ್ಟ್ರು ತಮ್ಮ ಪಿಂಚಣಿಯಿಂದ ಹನ್ನೆರಡು ಪದಕ ಕೊಂಡರು. ಯಾರಿಗೆ ಎಂದರೆ, "ಮುಂದೆ ಹುಟ್ಟೋ ಓಟಗಾರರಿಗೆ" ಎಂದರು. ಓರಗಿತ್ತಿ ಬಾಗಿಲು ಹಾಕಿಸಿದಳು. ಜನ ಬಾಗಿಲ ಕೆಳಗಿನಿಂದ ಹಣ ತೂರಿಸಿದರು. "ದಯವಿಟ್ಟು ನಮ್ಮಲ್ಲಿ ಏನನ್ನೂ ಕೊಳ್ಳಬೇಡಿ" ಎಂದು ಹಲಗೆ ಬರೆದು ತೂಗುಹಾಕಿದಳು. ಅದನ್ನು ಓದಿದವರ ಕರುಳು ಚುರ್ರೆಂದು, ಪಕ್ಕದ ಬೀದಿಯಿಂದಲೂ ಜನ ಬರತೊಡಗಿದರು. ಹಣ ವಾಪಸು ಮಾಡಲು ಹೋದರೆ ಒಬ್ಬರೂ ಬಾಗಿಲು ತೆರೆಯಲಿಲ್ಲ; ಸೋಂಕು ಎಂದರು.

ಮೈದುನ ಏನು ಮಾಡಿದ ಅಂತೀರಾ? ಹಣ ಬಂದ ಮೇಲೆ ರಸೀದಿ ಕೊಡದಿರುವುದು ಅವನ ಜಾಯಮಾನವಲ್ಲ. ಒಂದೊಂದಕ್ಕೂ ರಸೀದಿ ಹರಿದ, ಅದರ ಪ್ರತಿ ಇಟ್ಟುಕೊಂಡ. "ಸುಳ್ಳು ಹೇಳಿ ಒಂದು ಸಲ ಕೆಟ್ಟೆ ಅತ್ತಿಗೆ. ಇನ್ನು ಮೇಲೆ ನಿಜ," ಎಂದ. ಕಪ್‌ಗಳ ಮೇಲೆ ಖಾಲಿ ಬಿದ್ದಿದ್ದ ಜಾಗಗಳಲ್ಲಿ ನಮ್ಮ ಬೀದಿಯವರ ಹೆಸರುಗಳನ್ನು ದುಂಡಗೆ ಕೆತ್ತಿದ. ಬಾಲಕಿಯರ ವಿಭಾಗದ ಓಟದಲ್ಲಿ ಬೇಕರಿಯವನು ಶಾಶ್ವತವಾಗಿ ಪ್ರಥಮ ಬಂದ.

ತಿಂಗಳ ಕೊನೆಗೆ ಓರಗಿತ್ತಿ ಕೂಡಿ ಲೆಕ್ಕ ಹಾಕಿದಳು. ಬಾಕಿ ಬಾಡಿಗೆಯ ಮುಂದೆ ಆ ಹಣ ಏನೇನೂ ಅಲ್ಲ. ಆದರೆ ಹೋದ ವರ್ಷ ಇದೇ ತಿಂಗಳ ವ್ಯಾಪಾರದ ಕಾಲುಭಾಗಕ್ಕಿಂತ ಒಂದಿಷ್ಟು ಹೆಚ್ಚು. ಮೇಷ್ಟ್ರ ಹನ್ನೆರಡು ಪದಕದಷ್ಟು ಹೆಚ್ಚು.

"ಅಕ್ಕ," ಎಂದಳು. ಲೆಕ್ಕದ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.

ರಸೀದಿಗಳ ಪ್ರತಿಯೊಂದಿಗೆ ಲೆಕ್ಕ ಕಳುಹಿಸಿದೆವು. ತಿರಸ್ಕಾರದ ಪತ್ರ ಬೇಗ ಬಂತು. ಕೊಡುವ ಪತ್ರಗಳಿಗಿಂತ ಕೊಡದಿರುವ ಪತ್ರಗಳು ಚುರುಕು. ಮಾಲೀಕರು ಅವತ್ತು ಅಂಗಡಿಯ ಮುಂದೆ ಬಂದು ನಿಂತು ಬಿಸಿಲಿನ ಮಾತೆತ್ತಲಿಲ್ಲ.

"ನನಗೂ ಬ್ಯಾಂಕಿನವರು ಬರೆದಿದ್ದಾರೆ," ಎಂದರು ಗೋಡೆಯ ಕಡೆ ನೋಡುತ್ತ. "ಮಾತ್ರೆ ಕಂಪನಿಯವರು ಉಗ್ರಾಣಕ್ಕೆ ಅಂತ ಕೇಳ್ತಿದ್ದಾರೆ. ಬಾಕಿ ನೀವು ಯಾವಾಗಾದ್ರೂ ಕೊಡಿ, ಕೊಡದಿದ್ರೂ ನಾನು ಕೇಳಲ್ಲ. ಆದ್ರೆ ಜಾಗ..."

"ಗೊತ್ತಾಯ್ತು ಸಾರ್," ಎಂದ ಮೈದುನ. ಮಾಲೀಕರು ವಾಕ್ಯ ಮುಗಿಸುವ ಕಷ್ಟ ತಪ್ಪಿಸಿದ.

ಖಾಲಿ ಮಾಡುವ ದಿನ ಬೀದಿಯೆಲ್ಲ ಕೈ ಜೋಡಿಸಿತು. ನನ್ನ ಊರುಗೋಲುಗಳನ್ನು ಮನೆಗೆ ಎರಡು-ಮೂರರಂತೆ ಹಂಚಿಕೊಂಡು ಒಯ್ದರು. "ಸಂಘ ಎಲ್ಲೂ ಹೋಗಲ್ಲ ಅಮ್ಮ. ಯಾರಿಗಾದ್ರೂ ಬೇಕಾದ್ರೆ ನಮ್ಮ ಮನೆಗಳಿಗೆ ಬಂದು ತಗೊಂಡು ಹೋಗ್ಲಿ," ಎಂದರು ಮೇಷ್ಟ್ರು, ಎರಡು ಬಗಲಲ್ಲೂ ವಾಕರ್ ಹಿಡಿದು. ಅವರು ಅಷ್ಟು ಉತ್ಸಾಹದಲ್ಲಿದ್ದರು. ಕಾಲು ಮುರಿದವರು ಮನೆ ಮನೆ ಹೇಗೆ ಅಲೆಯುತ್ತಾರೆ ಮೇಷ್ಟ್ರೇ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗಾಲಿಕುರ್ಚಿಯಲ್ಲಿ ಹಿಟ್ಟಿನ ಮೂಟೆಯಿಟ್ಟು ಬೇಕರಿಯವನು ತಳ್ಳಿಕೊಂಡು ಹೋದ. ಇಡಲು ಬೇರೆ ಜಾಗವಿಲ್ಲ ಅವನಿಗೆ; ನಾನು ನೋಡದ ಹಾಗೆ ಇದ್ದೆ.

ಸಂಜೆಯ ಹೊತ್ತಿಗೆ ಉಳಿದದ್ದು ಕೆತ್ತನೆಯ ಮೇಜೊಂದೇ. ಉದ್ದನೆಯ, ಭಾರದ ಮರದ ಮೇಜು. ಎಲ್ಲರೂ ಹೋಗಿದ್ದರು. ಬೀಗದ ಕೈ ಮಾಲೀಕರ ಕೈ ಸೇರಿತ್ತು. ಅವರು ಮೇಜು ಹೊರಗೆ ಹೋಗಲೆಂದು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅದೇ ಫೈಲು, ಅದೇ ಮಂಜು ಹಿಡಿದ ಗುರಾಣಿ.

"ಮರುಪರಿಶೀಲನೆಗೆ ಬಂದೆ," ಎಂದರು ಅಧಿಕಾರಿ.

"ಪತ್ರ ಆಗಲೇ ಬಂತಲ್ಲ ಸಾರ್, ಆಗಲ್ಲ ಅಂತ?"

"ಪತ್ರ ಕಳಿಸೋದು ಬೇರೆ ಶಾಖೆ. ನೋಡೋದು ನಮ್ಮ ಶಾಖೆ." ಒಳಗೆ ಬಂದರು. ಗೋಡೆಯ ಮೇಲೆ ಪದಕಗಳಿದ್ದ ಜಾಗದಲ್ಲಿ ಬಿಳಿಯ ಗುಂಡು ಗುರುತುಗಳು. ಬೀರುವಿದ್ದಲ್ಲಿ ಚೌಕಾಕಾರದ ಧೂಳು. ಪರದೆಯೂ ಇರಲಿಲ್ಲ. ಅವರ ಹೆಜ್ಜೆಯ ಸದ್ದೇ ಅವರಿಗೆ ಎರಡು ಸಲ ಕೇಳುತ್ತಿತ್ತು.

"ಈಗ ಸರಿಯಾಗಿದೆ," ಎಂದರು ಸಮಾಧಾನದಿಂದ, ಪೆನ್ನು ತೆಗೆಯುತ್ತ. "ಇದು ನಿಯಮಕ್ಕೆ ಪೂರ್ತಿ ಹೊಂದುತ್ತೆ. ಇದನ್ನ ನಾನು ಹಾಗೇ ಬರೀತೀನಿ. ಬಾಡಿಗೆದಾರರ ಸಹಿ ಇಲ್ಲಿ."

ಮೈದುನ ಮಾಲೀಕರನ್ನು ನೋಡಿದ. ಮಾಲೀಕರು ಕೈಯಲ್ಲಿದ್ದ ಬೀಗದ ಕೈ ನೋಡಿಕೊಂಡರು.

"ನಾನೀಗ ಬಾಡಿಗೆದಾರ ಅಲ್ಲ ಸಾರ್," ಎಂದ ಮೈದುನ. "ಮಧ್ಯಾಹ್ನದ ತನಕ ಆಗಿದ್ದೆ."

ಅಧಿಕಾರಿಯ ಪೆನ್ನು ನಿಂತಿತು. "ಹೊಸದಾಗಿ ಕರಾರು ಮಾಡ್ಕೊಂಡ್ರೆ?"

"ಮಾತ್ರೆ ಕಂಪನಿಯವರ ಮುಂಗಡ ನಿನ್ನೆ ಬ್ಯಾಂಕಿಗೆ ಹೋಯ್ತು," ಎಂದರು ಮಾಲೀಕರು. ಅವರ ದನಿ ಅಳುವವರಂತಿತ್ತು.

"ಹೊಸ ಬಾಡಿಗೆದಾರರಿಗೆ ಪರಿಹಾರ ಬರೋದೂ ಇಲ್ಲ ಬಿಡಿ," ಎಂದರು ಅಧಿಕಾರಿ ತಮಗೇ ಎಂಬಂತೆ. "ಹೋದ ವರ್ಷ ವ್ಯಾಪಾರ ಇರ್ಬೇಕು. ಎಲ್ಲಿಂದ ಬಿದ್ದರು ಅಂತ ತೋರಿಸ್ಬೇಕು."

"ಬಿದ್ದಿರೋದು ಕಾಣ್ತಾ ಇದೆಯಲ್ಲ ಸಾರ್?" ಎಂದಳು ಓರಗಿತ್ತಿ.

"ಕಾಣ್ತಿದೆಯಮ್ಮ," ಎಂದರು ಅವರು.

ಮೈದುನ ಮೇಜಿನ ಒಂದು ತುದಿಗೆ ಹೋಗಿ, ಬಗ್ಗಿ ಎತ್ತಲು ನೋಡಿದ. ಇನ್ನೊಂದು ತುದಿಗೆ ಓರಗಿತ್ತಿ ಕೈ ಹಾಕುವಷ್ಟರಲ್ಲಿ ಅಧಿಕಾರಿ ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಲು ಹೋಗಿ, ಗುರಾಣಿ ಅಡ್ಡ ಬಂದದ್ದರಿಂದ ನನ್ನ ಕೈಗೆ ಕೊಟ್ಟು, "ನೀವು ಸರೀರಮ್ಮ, ನಾನು ಹಿಡೀತೀನಿ" ಎಂದರು.

"ಅಂತರ ಕಾಪಾಡ್ಬೇಕಲ್ಲ ಸಾರ್?" ಎಂದ ಮೈದುನ. ಆ ಹೊತ್ತಿನಲ್ಲೂ ಅವನಿಗೆ ನಿಯಮದ ಚಿಂತೆ.

ಅಧಿಕಾರಿ ಮೇಜನ್ನು ಕಣ್ಣಿನಲ್ಲೇ ಅಳೆದರು. "ಎರಡು ಮೀಟರ್ ಇದೆ. ನಡೀರಿ."

ಬೀದಿಯ ಎರಡೂ ಬದಿಯ ಕಿಟಕಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಮುಂದೆ ಮೈದುನ, ಹಿಂದೆ ಸರ್ಕಾರ, ನಡುವೆ ಮೇಜು. ನಾನು ಫೈಲು ಹಿಡಿದು ಪಕ್ಕದಲ್ಲಿ ನಡೆದೆ. ನಮಗೆ ಬಂದ ಬಾಡಿಗೆ ಪರಿಹಾರ ಅಷ್ಟೇ, ಅಂಗಡಿಯ ಬಾಗಿಲಿನಿಂದ ಮನೆಯ ಬಾಗಿಲವರೆಗೆ. ತಿರುವಿನಲ್ಲಿ ಮೈದುನ ಹಿಂದೆ ತಿರುಗದೆ ಕೂಗಿದ:

"ಸಾರ್, ಸ್ವಲ್ಪ ಎತ್ತಿ ಹಿಡೀರಿ, ಭಾರ ಎಲ್ಲ ಈ ಕಡೆ ಬರ್ತಿದೆ."

ಅವರು ಎತ್ತಿ ಹಿಡಿದರು.